ಯಾರ ಊರಿನ ಪಾಠ?

ಕಳೆದ ಮಳೆಗಾಲದಲ್ಲಿ, ಸಿರಸಿಯಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಯ್ಯುತ್ತಿದ್ದಾಗ, ಊರಿನ ಕೆಲವರು ಗೆಳೆಯರು ಕೊಡೆ ಮಡಚಿಕೊಂಡು ಜಗುಲಿಗೆ ಬಂದು ನನಗೊಂದು ಕೆಲಸ ಒಪ್ಪಿಸಿ ಹೋದರು. ಸಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳ ಮಕ್ಕಳು ಸರಕಾರದ ಪಠ್ಯಪುಸ್ತಕದ ಜೊತೆಗೆ ತಮ್ಮ ಸೀಮೆಯ ಬಗ್ಗೆ ಏನೇನು ಕಲಿಯಬೇಕು ಎಂಬುದರ ಪಟ್ಟಿಯೊಂದನ್ನು ಮಾಡಿಕೊಡಬೇಕು, ಶಾಲೆಯ ಸಮಿತಿಯವರ ಮುಂದೆ ಇಡೋಣ ಎಂದರು. ನಿವೃತ್ತನಾದವನಿಗೆ ಇಂಥ ಕೆಲಸ ಸಿಕ್ಕರೆ ಹಬ್ಬವೇ ಸರಿ. ಎರಡು ರಾತ್ರಿಯಲ್ಲಿ ಆರು ಪುಟ ತುಂಬಿಸಿದೆ.

ಬರೆಯುವಾಗ ಒಳಗೊಂದು ಹಳೆಯ ಸಿಟ್ಟೂ ಇತ್ತು. ನಮ್ಮ ಸೀಮೆಯ ಮಕ್ಕಳ ಪುಸ್ತಕವನ್ನು ಯಾವಾಗಲೂ ಬೇರೆಲ್ಲೋ ಕುಳಿತವರು ನಿಶ್ಚಯಿಸಿದ್ದಾರೆ. 1956ರ ನವೆಂಬರ್ 1ರವರೆಗೆ ನಾವು ಮುಂಬಯಿಯವರು. ಏಳನೆಯ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆಗೆ ಕೂಡುತ್ತಿದ್ದ ನಮ್ಮ ಹಿರಿಯರ ಪಾಠಗಳು ಅಲ್ಲಿಂದ ಬರುತ್ತಿದ್ದವು. ಆಮೇಲೆ ಬೆಂಗಳೂರು. 2022ರಲ್ಲಿ ಪರಿಷ್ಕೃತ ಪುಸ್ತಕಗಳ ಮೇಲೆ ಗದ್ದಲವೆದ್ದು, ಕೆಲವು ಲೇಖಕರು ತಮ್ಮ ಪಾಠಗಳಿಗೆ ಕೊಟ್ಟಿದ್ದ ಒಪ್ಪಿಗೆಯನ್ನೇ ಹಿಂದಕ್ಕೆ ಪಡೆದರು. 2023ರಲ್ಲಿ ಸರಕಾರ ಬದಲಾಗಿ, ಸೇರಿಸಿದ್ದರಲ್ಲಿ ಕೆಲವನ್ನು ತೆಗೆಯುವ ತೀರ್ಮಾನವಾಯಿತು. ಅದನ್ನೆಲ್ಲ ಪತ್ರಿಕೆಯಲ್ಲಿ ಓದುತ್ತ, ಈ ಜಗಳದಲ್ಲಿ ನಮ್ಮ ಹಳ್ಳಿಶಾಲೆಯ ಮಗುವಿನ ಪಾಲೆಷ್ಟು ಎಂದು ಲೆಕ್ಕ ಹಾಕಿ ಸೋತಿದ್ದೆ.

ನನ್ನ ಪಟ್ಟಿಯಲ್ಲಿ ಅಘನಾಶಿನಿ ಇತ್ತು. ಅದರ ಒಂದು ಮೂಲ ಸಿರಸಿ ಪೇಟೆಯ ಶಂಕರಹೊಂಡದಲ್ಲಿದೆಯೆಂಬುದು ಪೇಟೆಯ ಎಷ್ಟು ಮಕ್ಕಳಿಗೆ ಗೊತ್ತು? 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಕಡೆಯ ಜನ ಕಾಡಿಗೆ ನುಗ್ಗಿ ಮರಗಳನ್ನು ಅಪ್ಪಿಕೊಂಡದ್ದು ಇತ್ತು. ಆದರೆ ಎಲ್ಲಕ್ಕಿಂತ ಮೋಹದಿಂದ ಬರೆದದ್ದು ಕೊಳೆರೋಗದ ಪಾಠವನ್ನು. ಮಳೆಗಾಲದಲ್ಲಿ ಅಡಿಕೆಯ ಎಳೆಗಾಯಿ ಕೊಳೆತು ಉದುರುವ ಈ ರೋಗಕ್ಕೆ ನಾವು ಹೊಡೆಯುವ ಔಷಧ ಮೈಲುತುತ್ತ ಮತ್ತು ಸುಣ್ಣದ ನೀರು. ಅದರ ಹೆಸರು ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ, ದ್ರಾಕ್ಷಿಯ ಬಳ್ಳಿಗೆ ತಗಲಿದ ಬೂಷ್ಟಿಗೆಂದು 1885ರ ಸುಮಾರಿಗೆ ಬಳಕೆಗೆ ಬಂದದ್ದು. ಅದನ್ನು ಅಡಿಕೆಯ ಕೊನೆಗೆ ಸಿಂಪಡಿಸಿ ನೋಡಿದವನು ಮೈಸೂರಿನ ಕೃಷಿ ಇಲಾಖೆಗೆ ಬಂದಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ತೋಟದ ಬಾವಿಕಟ್ಟೆಯ ಮೇಲೆ ನಿಂತು ಸುಣ್ಣ ಕಲಕುವ ಹುಡುಗನಿಗೆ ರಸಾಯನಶಾಸ್ತ್ರ, ಭೂಗೋಲ, ಇತಿಹಾಸ ಮೂರೂ ಒಂದೇ ಕೊಳಗದಲ್ಲಿ ಸಿಗುತ್ತವೆ. ಊರಿನ ಪಾಠವೆಂದರೆ ಬಾವಿಕಪ್ಪೆಯ ಪಾಠವೆನ್ನುವವರಿಗೆ ಇದೇ ಉತ್ತರ ಎಂದು ಹಿಗ್ಗಿದೆ.

ನನ್ನ ಅಕ್ಕನ ಮಗ ಯಲ್ಲಾಪುರ ತಾಲೂಕಿನ ಕಾಡಂಚಿನ ಶಾಲೆಯೊಂದರಲ್ಲಿ ಮಾಸ್ತರ. ಚವತಿಗೆ ಬಂದಾಗ ಪಟ್ಟಿಯನ್ನು ಅವನಿಗೆ ಕೊಟ್ಟೆ. ಓದಿ, ಮಡಚಿ, ಕವಳದ ತಬಕಿನ ಪಕ್ಕದಲ್ಲಿಟ್ಟ.

"ಮಾವಾ, ನಿಂಗ ಬರದ್ದೆಲ್ಲ ಸರಿ ಇದ್ದು. ಆದ್ರೆ ಇದು ಯಾರ ಊರು?"

ಅವನ ತರಗತಿಯಲ್ಲಿ ಸಿದ್ದಿ ಮಕ್ಕಳಿದ್ದಾರೆ, ಕುಣಬಿ ಮಕ್ಕಳಿದ್ದಾರೆ. 'ನಮ್ಮ ತೋಟ' ಎಂಬ ವಿಷಯದ ಮೇಲೆ ಹತ್ತು ಸಾಲು ಬರೆಯಲು ಹೇಳಿದ್ದನಂತೆ. ಒಬ್ಬ ಸಿದ್ದಿ ಹುಡುಗಿ ಮೇಲಿನ 'ನಮ್ಮ' ಎಂಬುದನ್ನು ಒರಸಿ 'ಹೆಗಡೇರ ತೋಟ' ಎಂದು ಬರೆದು, ಕೆಳಗೆ ತಾಯಿ ರಾತ್ರಿ ಎಷ್ಟು ಹೊತ್ತು ಅಡಿಕೆ ಸುಲಿಯುತ್ತಾಳೆ, ಒಂದು ಡಬ್ಬಿಗೆ ಎಷ್ಟು ಸಿಗುತ್ತದೆ, ವಾರಕ್ಕೆ ಎಷ್ಟಾಯಿತು ಎಂದು ಲೆಕ್ಕ ಮಾಡಿದ್ದಳು. ಲೆಕ್ಕ ತಪ್ಪಿರಲಿಲ್ಲ.

ನಾನು ಪಟ್ಟಿಯನ್ನು ಮತ್ತೆ ಬಿಚ್ಚಿದೆ. ಸೊಪ್ಪಿನ ಬೆಟ್ಟದ ಬಗ್ಗೆ ಒಂದು ಪುಟವಿತ್ತು: ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯ ಲೆಕ್ಕದಲ್ಲಿ ಬೆಟ್ಟದ ಸೌಲಭ್ಯ, ಅದರ ಸೊಪ್ಪು, ದರಕು, ಗೊಬ್ಬರ. ಆ ದರಕನ್ನು ಗುಡಿಸಿ ತಲೆಯ ಮೇಲೆ ಹೊತ್ತು ತರುವವರು ಯಾರು ಎಂಬುದು ಎಲ್ಲಿಯೂ ಇರಲಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರಿನ ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಸಿದ್ದಾಪುರದ ಹಳ್ಳಿಗಳಲ್ಲಿ 2024ರಲ್ಲಿಯೂ ಜೀವ ತೆಗೆಯಿತು. ಉಣುಗು ಕಚ್ಚುವುದು ದರಕು ತರಲು ಹೋದವರನ್ನು. ಅಡಿಕೆಯ ರೋಗಕ್ಕೆ ಎರಡು ಪುಟ ಕೊಟ್ಟ ನಾನು ಮನುಷ್ಯರ ರೋಗವನ್ನು ಮರೆತಿದ್ದೆ. ಬೇಕೆಂದು ಬಿಟ್ಟದ್ದಲ್ಲ, ಹೊಳೆಯಲೇ ಇಲ್ಲ. ಹೊಳೆಯದಿರುವುದೇ ಹೆಚ್ಚು ಅಂಜಿಕೆ ಹುಟ್ಟಿಸುವ ಮಾತೆಂದು ನನಗೆ ತೋರುತ್ತದೆ. ಬೆಂಗಳೂರಿನ ಸಮಿತಿಯವರು ನನ್ನ ಊರನ್ನು ಬಿಟ್ಟಿದ್ದೂ ಪ್ರಾಯಶಃ ಹೀಗೆಯೇ.

ಇನ್ನೊಂದು ಮಾತೂ ನಾಲಗೆಗೆ ಕಹಿಯಾಗಿ ಬಂತು. ಕೈಕಸುಬಿನ ಸುತ್ತ ವಿದ್ಯೆಯನ್ನು ಕಟ್ಟಬೇಕೆಂದು ಗಾಂಧೀಜಿ 1937ರಲ್ಲಿ ವರ್ಧಾದಲ್ಲಿ ಹೇಳಿದರು. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮದ ರೂಪ ಕೊಟ್ಟಿತು. ತಕಲಿ ಹಿಡಿದ ಶಾಲೆಗಳು ಬಾಳದೆಹೋದದ್ದಕ್ಕೆ ಕಾರಣ ಹಲವು. ಉಳ್ಳವರು ತಮ್ಮ ಮಕ್ಕಳನ್ನು ಮೆಲ್ಲನೆ ಇಂಗ್ಲಿಷ್ ಶಾಲೆಗೆ ಸೇರಿಸಿದ್ದು ಅವುಗಳಲ್ಲೊಂದು. ನಾನೂ ಅದನ್ನೇ ಮಾಡಿದವನು. ನನ್ನ ಇಬ್ಬರು ಮಕ್ಕಳೂ ಬೆಂಗಳೂರಿನಲ್ಲಿದ್ದಾರೆ. ಅವರಿಗೆ ಸುಣ್ಣ ಕಲಕುವುದನ್ನು ಕಲಿಸಲಿಲ್ಲ, ಕಲಿಯಲು ಬಂದರೆ ಪುಸ್ತಕ ಹಿಡಿಯಿರೆಂದು ಗದರಿಸಿ ಕಳಿಸಿದ್ದೆ. ಈಗ ಸರಕಾರಿ ಶಾಲೆಯ ಬಡಮಕ್ಕಳಿಗೆ ತೋಟದ ಪಾಠ ಬರೆಯಲು ಕುಳಿತಿದ್ದೇನೆ. ಆ ಹುಡುಗಿಯ ತಾಯಿ "ನನ್ನ ಮಗಳಿಗೆ ಇಂಗ್ಲಿಷು ಕಲಿಸಿ, ಅಡಿಕೆ ಸುಲಿಯುವುದನ್ನು ನಾನೇ ಕಲಿಸುತ್ತೇನೆ" ಎಂದರೆ ನನ್ನ ಹತ್ತಿರ ಉತ್ತರವಿಲ್ಲ. ದಿನಕ್ಕೆ ಇರುವ ಅವಧಿಗಳು ಇಷ್ಟೇ. ಒಂದು ಒಳಗೆ ಬಂದರೆ ಇನ್ನೊಂದು ಹೊರಗೆ ಹೋಗಬೇಕು.

ಹಾಗಾದರೆ ಸಿದ್ದಿಗಳ ಪಾಠವನ್ನೂ ಸೇರಿಸೋಣ ಎಂದೆ. ಅಳಿಯ ಕೂಡಲೇ ಹೂಂ ಎನ್ನಲಿಲ್ಲ. ಆಫ್ರಿಕದಿಂದ ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದವರ ಸಂತತಿ, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಎಂದು ಹಲಗೆಯ ಮೇಲೆ ಬರೆದರೆ, ಪಕ್ಕದಲ್ಲಿ ಕುಳಿತ ಹುಡುಗ ಮಧ್ಯಾಹ್ನದ ಬಿಡುವಿನಲ್ಲಿ 'ಗುಲಾಮ'ನೆಂಬುದನ್ನೇ ಬೈಗುಳ ಮಾಡಿಕೊಂಡರೆ? ಸತ್ಯವೆಂಬ ಒಂದೇ ಕಾರಣಕ್ಕೆ ಹನ್ನೊಂದು ವರ್ಷದ ಮಗುವಿನ ತಲೆಯ ಮೇಲೆ ಅದನ್ನು ಹೇರಬಹುದೇ?

ಬಹಳ ಯೋಚಿಸಿ, ಹೇಳಲೇಬೇಕು ಎಂಬ ನಿರ್ಧಾರಕ್ಕೆ ಬಂದಿದ್ದೇನೆ. ಹೇಳದಿದ್ದಾಗಲೂ ಆ ಹುಡುಗ ಅವಳ ಗುಂಗುರು ಕೂದಲನ್ನು ನೋಡಿ ನಗುತ್ತಲೇ ಇದ್ದಾನೆ. ಆದರೆ ಪಾಠ ಬರಿಯ ಗುಲಾಮರದಾಗಬಾರದು. ಮನುಷ್ಯರನ್ನು ಮಾರಿದವರಾರು, ಕೊಂಡವರಾರು ಎಂಬುದು ಮೊದಲು ಬರಬೇಕು. ನಾಚಿಕೆಪಡಬೇಕಾದವರು ಅವರಷ್ಟೆ. 2003ರಲ್ಲಿ ಈ ಜನ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು, 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿನಲ್ಲಿ ಕುಳಿತದ್ದು ಅದೇ ಪಾಠದಲ್ಲಿರಬೇಕು. ಮತ್ತು ಅದನ್ನು ನಾನು ಬರೆಯಕೂಡದು.

"ಆ ಹುಡುಗಿಯ ಅಜ್ಜಿಗೆ ಹಳೆಯ ಕತೆಗಳು ಬಹಳ ಬರುತ್ತವೆ. ಒಂದು ಶನಿವಾರ ಶಾಲೆಗೆ ಬನ್ನಿ ಎಂದು ಕೇಳಿದ್ದೇನೆ" ಎಂದ ಅಳಿಯ.

"ಒಪ್ಪಿದ್ದಾಳಾ?"

"ಯಾತಕ್ಕೆ, ಮಕ್ಕಳೆಲ್ಲ ನಗ್ತಾರೆ ಅಂತಾಳೆ. ಮತ್ತೊಂದು ಸಲ ಕೇಳುತ್ತೇನೆ."

ಆರು ಪುಟದ ಪಟ್ಟಿಯನ್ನು ಗೆಳೆಯರಿಗೆ ಇನ್ನೂ ಕೊಟ್ಟಿಲ್ಲ. ಮೊನ್ನೆ ಪೇಟೆಯಲ್ಲಿ ಸಿಕ್ಕವರೊಬ್ಬರು ಯಾಕಿಷ್ಟು ತಡವೆಂದು ಕೇಳಿದರು. ಇನ್ನೊಂದೆರಡು ಶನಿವಾರ ಕಾಯಬೇಕು ಎಂದೆ.