ಚೆಂಡು ಬರುವ ಮುನ್ನ

ಬೆಂಗಳೂರಿನ ಹಲಸೂರಿಗೆ ಹೊಂದಿಕೊಂಡ ಗೌತಮಪುರದಲ್ಲಿ ಫುಟ್‌ಬಾಲ್ ಆಟಗಾರ ಪೆಲೆಯ ಪ್ರತಿಮೆಯಿದೆ. ಅಲ್ಲಿನ ಹುಡುಗರಿಗೆ ಚೆಂಡು ಒದೆಯುವುದನ್ನು ಯಾರೂ ಕಲಿಸಬೇಕಿಲ್ಲ. ಕಷ್ಟದ ವಿದ್ಯೆ ಬೇರೆಯೇ ಇದೆ: ಚೆಂಡು ಕಾಲಿಗೆ ತಲುಪುವ ಮೊದಲು ಅದರಿಂದ ಕಣ್ಣು ಕಿತ್ತು ಸುತ್ತಲೂ ನೋಡುವುದು.

ಕಣ್ಣಿಗೆ ಒಮ್ಮೆಗೆ ಸ್ಪಷ್ಟವಾಗಿ ಕಾಣುವುದು ಬಲು ಕಿರಿದಾದ ಜಾಗ. ತೋಳು ಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು. ಅಂಚಿನಲ್ಲಿ ಚಲನೆಯ ಸುಳಿವು ಸಿಗುತ್ತದೆ, ಬೆನ್ನ ಹಿಂದಿನದರ ಸುಳಿವು ಅದೂ ಇಲ್ಲ. ಎಳೆಯ ಆಟಗಾರರು ಆ ಕಿರಿದಾದ ನೋಟವನ್ನೂ ಪೂರ್ತಿ ಚೆಂಡಿಗೇ ಒಪ್ಪಿಸಿಬಿಡುತ್ತಾರೆ. ನಾರ್ವೆಯ ಸಂಶೋಧಕ ಗೇರ್ ಯೋರ್ಡೆಟ್ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಆಟಗಾರರ ತಲೆಯ ತಿರುವುಗಳನ್ನು ವಿಡಿಯೊದಲ್ಲಿ ಎಣಿಸಿದರು. ಚೆಂಡು ಸಿಗುವ ಮುಂಚಿನ ಕ್ಷಣಗಳಲ್ಲಿ ಫ್ರ್ಯಾಂಕ್ ಲ್ಯಾಂಪಾರ್ಡ್ ಸೆಕೆಂಡಿಗೆ 0.62 ಸಲ, ಅಂದರೆ 10 ಸೆಕೆಂಡಿನಲ್ಲಿ ಆರು ಸಲ, ಹೊರಳಿ ನೋಡುತ್ತಿದ್ದರು. ಹೆಚ್ಚು ನೋಡುವವರ ಪಾಸ್‌ಗಳು ಹೆಚ್ಚು ಸಲ ಗುರಿ ಮುಟ್ಟುತ್ತಿದ್ದವು.

ಹಾಗೆ ಹೊರಳಿದಾಗ ಕಾಣುವುದು ಏನು? ಓಡಿ ಬರುತ್ತಿರುವ ಎದುರಾಳಿ, ಖಾಲಿ ಜಾಗ, ಯಾರ ಕಾವಲೂ ಇಲ್ಲದೆ ನಿಂತ ಜೊತೆಗಾರ. ತಂತ್ರ ಎಂದು ಹಲಗೆಯ ಮೇಲೆ ಗೆರೆ ಎಳೆದು ತೋರಿಸುವುದೆಲ್ಲ ಮೈದಾನದಲ್ಲಿ ಶುರುವಾಗುವುದು ಇನ್ನೊಬ್ಬನ ಇರವು ಗಮನಕ್ಕೆ ಬಂದಾಗಲೇ. ಅದಕ್ಕೇ ಇದು ನನಗೆ ಬರೀ ಆಟದ ಕೌಶಲವಾಗಿ ತೋರುವುದಿಲ್ಲ.

ಇದನ್ನು ಮೊಳಕೆಯಲ್ಲೇ ಚಿವುಟುವವರು ಗೆರೆಯ ಆಚೆ ನಿಂತ ನಾವು. 'ಪಾಸ್ ಕೊಡೋ!', 'ಶೂಟ್ ಮಾಡೋ!', 'ಹಿಂದೆ ಇದ್ದಾನೆ ನೋಡೋ!' ಎಂದು ಕೋಚ್ ಕೂಗುತ್ತಾರೆ, ಅಪ್ಪಂದಿರು ಇನ್ನೂ ಜೋರಾಗಿ. ಎಲ್ಲವನ್ನೂ ಹೊರಗಿನಿಂದಲೇ ಹೇಳಿಸಿಕೊಂಡ ಮಗುವಿಗೆ ನೋಡುವ ಅಗತ್ಯವೇ ಬೀಳುವುದಿಲ್ಲ. ಅದು ಕಿವಿಯಿಂದ ಆಡಲು ಕಲಿಯುತ್ತದೆ.

ತಲೆ ಎತ್ತಲು ಶುರುಮಾಡಿದವನು ಮೊದಮೊದಲು ಚೆಂಡು ಕಳೆದುಕೊಳ್ಳುತ್ತಾನೆ, ಅವನಿಂದ ತಂಡ ಪಂದ್ಯವನ್ನೂ ಸೋಲಬಹುದು. ಅಷ್ಟನ್ನು ದೊಡ್ಡವರು ತಾಳಿಕೊಳ್ಳಬೇಕು. 1968–69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ, ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಕರ್ನಾಟಕಕ್ಕೆ ಮತ್ತೆ ಸಿಕ್ಕಿದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿದಾಗ. ಒಂದು ಕಪ್‌ಗೆ 54 ವರ್ಷ ಕಾದ ನಾಡು, ನೋಡಲು ಕಲಿಯುತ್ತಿರುವ ಹತ್ತು ವರ್ಷದ ಹುಡುಗನಿಗೆ ಅರ್ಧ ಸೀಸನ್ನಿನ ಸಮಯ ಕೊಡಲಾರದೆ?

ನಾಲ್ಕು ನಾಲ್ಕು ಮಂದಿಯ ಸಣ್ಣ ಆಟ ಆಡಿಸಿ, ಕೂಗದೆ ಬಿಡಬೇಕು. ವಿರಾಮದಲ್ಲಿ ಕೋಚ್ ಹುಡುಗನ ಪಕ್ಕ ಕೂತು, 'ಆಗ ನಿನ್ನ ಬಲಗಡೆ ಯಾರಿದ್ದರು ಮಗಾ?' ಎಂದು ಕೇಳಲಿ. ಅವನಿಗೆ ಗೊತ್ತಿಲ್ಲದಿದ್ದರೆ ಕೋಚ್ ಹೇಳಿಕೊಡುವುದು ಬೇಡ. ಎರಡನೇ ಅರ್ಧದಲ್ಲಿ ಅವನೇ ನೋಡುತ್ತಾನೆ.