ಗುಂಡಿಯ ಮೀನು, ತೊಟ್ಟಿಯ ಮೀನು

ಡೆವಿಲ್ಸ್ ಹೋಲ್ ಪಪ್‌ಫಿಶ್ ಎರಡೂವರೆ ಸೆಂಟಿಮೀಟರ್ ಆಸುಪಾಸು ಬೆಳೆದು, ಹೆಚ್ಚುಕಡಿಮೆ ಒಂದೇ ವರ್ಷ ಬದುಕುವ ಮೀನು. ಅಮೆರಿಕದ ನೆವಾಡ ಮರುಭೂಮಿಯಲ್ಲಿ, ಸುಣ್ಣಕಲ್ಲಿನ ಬಿರುಕಿನ ತಳದಲ್ಲಿರುವ ನೀರಿನ ಗುಂಡಿಯೊಂದೇ ಅದರ ಸಹಜ ನೆಲೆ. ಗುಂಡಿಯ ಆಳ 130 ಮೀಟರಿಗೂ ಹೆಚ್ಚು. ಮೀನು ಮೇಯುವುದು, ಮೊಟ್ಟೆಯಿಡುವುದು ಮಾತ್ರ ಬಹುಮಟ್ಟಿಗೆ ಮೇಲಂಚಿನ ಒಂದು ಹಾಸುಬಂಡೆಯ ಮೇಲೆ, ಆಳವಿಲ್ಲದ ನೀರಿನಲ್ಲಿ. ನೀರು ಸುಮಾರು 33 ಡಿಗ್ರಿ ಬೆಚ್ಚಗಿದ್ದು, ಆಮ್ಲಜನಕ ಕಡಿಮೆ. ಚಳಿಗಾಲದಲ್ಲಿ ಕೆಲವು ವಾರ ನೇರ ಬಿಸಿಲು ನೀರನ್ನು ಮುಟ್ಟುವುದೇ ಇಲ್ಲ. ಪಾಚಿ ಸೊರಗುತ್ತದೆ, ಅದನ್ನು ತಿನ್ನುವ ಮೀನೂ ಸೊರಗುತ್ತದೆ. ವಸಂತದ ಎಣಿಕೆ ಸಾಮಾನ್ಯವಾಗಿ ಶರತ್ಕಾಲದ್ದಕ್ಕಿಂತ ಕಡಿಮೆ. 2013ರ ವಸಂತದಲ್ಲಿ ಕಂಡದ್ದು 35 ಮೀನು.

1967ರಲ್ಲೇ ಇದು ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಿತು. ಸಮೀಪದ ಜಮೀನಿನವರು ಅಂತರ್ಜಲ ಎತ್ತತೊಡಗಿದಾಗ ಹಾಸುಬಂಡೆ ಬರಿದಾಗುತ್ತ ಬಂತು. 1976ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪಂಪಿಗೆ ಮಿತಿ ಹಾಕಿತು. ಉಳಿಸಬೇಕೆಂಬುದು ಇತ್ಯರ್ಥವಾಯಿತು. ಏನನ್ನು ಉಳಿಸುವುದು ಎಂಬುದು ಅಷ್ಟು ಸುಲಭದ ಪ್ರಶ್ನೆಯಲ್ಲ.

1930ರಲ್ಲಿ ಈ ಮೀನನ್ನು ಪ್ರತ್ಯೇಕ ಪ್ರಭೇದವೆಂದು ವರ್ಣಿಸಲಾಯಿತು. ಪುಟ್ಟ ಮೈ, ದೊಡ್ಡ ತಲೆ, ಹೊಟ್ಟೆಯಡಿಯ ಜೋಡಿ ಈಜುರೆಕ್ಕೆ ಇಲ್ಲದಿರುವುದು ಇದರ ಗುರುತುಗಳು. ಆದರೆ ಇದರ ಬಂಧುವಾದ ಅಮಾರ್ಗೋಸಾ ನದಿಯ ಪಪ್‌ಫಿಶ್ ಮರಿಗಳನ್ನು ಹೆಚ್ಚು ಬಿಸಿ, ಕಡಿಮೆ ಆಹಾರದಲ್ಲಿ ಸಾಕಿದಾಗ ಅವೂ ದೊಡ್ಡ ತಲೆಯವಾಗಿ ಬೆಳೆದವು. ಹಲವಕ್ಕೆ ಆ ಈಜುರೆಕ್ಕೆ ಮೂಡಲೇ ಇಲ್ಲ. ಗುಂಡಿಯಿಂದ ಒಯ್ದು ತೊಟ್ಟಿಗಳಲ್ಲಿ ಸಾಕಿದ ಮೀನುಗಳಾದರೋ ಮೂಲದವಕ್ಕಿಂತ ದಪ್ಪವಾದವು. ಪ್ರಭೇದದ ಗುರುತೆಂದು ಎಣಿಸಿದ್ದರಲ್ಲಿ ಒಂದಷ್ಟು ಬರಿಯ ಹಸಿವಿನ ಗುರುತಾಗಿರಬಹುದು.

ಹಾಗಾದರೆ ಉಳಿಸಬೇಕಾದದ್ದು ಯಾವುದು? ಭಾರತೀಯ ದರ್ಶನಗಳನ್ನು ಕೇಳಿ ನೋಡೋಣ. ನ್ಯಾಯ-ವೈಶೇಷಿಕರ ಪ್ರಕಾರ ಜಾತಿ, ಎಂದರೆ ಹಲವು ವ್ಯಕ್ತಿಗಳಲ್ಲಿರುವ ಸಾಮಾನ್ಯ, ನಿತ್ಯ; ವ್ಯಕ್ತಿಗಳು ಅನಿತ್ಯ. ಹಾಗಾದರೆ ಕೊನೆಯ ಮೀನು ಸತ್ತರೂ ಜಾತಿಗೆ ಕುಂದಿಲ್ಲ. ತರ್ಕ ಸರಿ, ಆದರೆ ಮೀನು ಕಾಯುವವನ ಕೈಗೆ ಅದರಿಂದ ಏನೂ ಸಿಗುವುದಿಲ್ಲ. ಜೈನರ ಮಾತು ಇಲ್ಲಿಗೆ ಹೆಚ್ಚು ಒಗ್ಗುತ್ತದೆ: ದ್ರವ್ಯ ಉಳಿಯುತ್ತದೆ, ಪರ್ಯಾಯಗಳು, ಎಂದರೆ ಅದರ ಅವಸ್ಥೆಗಳು, ಹುಟ್ಟಿ ಅಳಿಯುತ್ತವೆ. ಈಜುರೆಕ್ಕೆ ಇರುವುದೂ ಇಲ್ಲದಿರುವುದೂ ಪರ್ಯಾಯವೆನ್ನೋಣ. ಉಳಿಯುವ ದ್ರವ್ಯ ಯಾವುದು? ರಕ್ತಸಂಬಂಧವೆಂದರೆ, ಈ ಮೀನನ್ನು ಸಾಕಿದ್ದ ಪಾಯಿಂಟ್ ಆಫ್ ರಾಕ್ಸ್ ತೊಟ್ಟಿಯ ಕಥೆ ಅಡ್ಡ ಬರುತ್ತದೆ. ಅಲ್ಲಿಗೆ ಹೊರಗಿನ ಪಪ್‌ಫಿಶ್ ನುಸುಳಿ ಬೆರಕೆ ಸಂತಾನ ಹುಟ್ಟಿತು, ಮೂಲಕ್ಕಿಂತ ಹುಲುಸಾಗಿ ಬೆಳೆಯಿತು. ಪಟ್ಟಿಯಲ್ಲಿದ್ದ ಹೆಸರಿಗೆ ಮಾತ್ರ ಅದು ಸೇರಲಿಲ್ಲ. ಬೌದ್ಧರ ಸಂತಾನವಾದ ಇಲ್ಲಿ ನೆರವಿಗೆ ಬರಬಲ್ಲದು: ಒಳಗೊಂದು ಸ್ಥಿರವಸ್ತುವಿಲ್ಲ, ಕಾರಣಗಳ ಹರಿವಷ್ಟೇ. ಆ ಲೆಕ್ಕದಲ್ಲಿ ಬಿಸಿನೀರು, ಬಿಸಿಲಿನ ಅಭಾವ, ಹಾಸುಬಂಡೆ ಇವೆಲ್ಲ ಮೀನಿನ ಹೊರಗಿನ ಸಂಗತಿಗಳಲ್ಲ. ಪ್ರತಿ ವರ್ಷ ಅದನ್ನು ಹೊಸದಾಗಿ ಮಾಡುವ ಕಾರಣಗಳು. ತಳಿಯನ್ನು ಕಾದು ಗುಂಡಿಯನ್ನು ಬಿಟ್ಟರೆ ಉಳಿಯುವುದು ಅರ್ಧ ಮೀನು.

ಹೀಗೆಂದು ತೊಟ್ಟಿಯನ್ನು ಹೀಗಳೆಯಲಾಗದು. ಗುಂಡಿಯ ಸಮೀಪದ ಆಶ್ ಮೆಡೋಸ್‌ನಲ್ಲಿ ಹಾಸುಬಂಡೆಯ ಪ್ರತಿರೂಪವಿರುವ ತೊಟ್ಟಿ ಕಟ್ಟಲಾಗಿದೆ. ಮೀನಿಗೆ ಸುಖವಾಗಲೆಂದು ಅಲ್ಲಿ ಬಿಸಿಯನ್ನು ತುಸು ತಗ್ಗಿಸಿ, ಆಮ್ಲಜನಕ ಹೆಚ್ಚಿಸಲಾಗಿದೆ. 2024ರ ವಸಂತದಲ್ಲಿ ಗುಂಡಿಯಲ್ಲಿ 191 ಮೀನುಗಳಿದ್ದವು. ಬಳಿಕ ಭೂಕಂಪಗಳು ಹಾಸುಬಂಡೆಯ ಪಾಚಿಯನ್ನೂ ಮೊಟ್ಟೆಗಳನ್ನೂ ಕೊಚ್ಚಿ ಆಳಕ್ಕೆ ತಳ್ಳಿದವು. 2025ರ ವಸಂತದ ಎಣಿಕೆ 38. ಆ ವರ್ಷ ತೊಟ್ಟಿಯಲ್ಲಿ ಬೆಳೆದ ಕೆಲವು ಮೀನುಗಳನ್ನು ಗುಂಡಿಗೆ ಬಿಟ್ಟರು. ಅವುಗಳ ಮರಿಗಳು ಬೆಳೆಯಬೇಕಾದದ್ದು ಮತ್ತೆ 33 ಡಿಗ್ರಿಯ ನೀರಿನಲ್ಲಿ, ಅರೆಹೊಟ್ಟೆಯಲ್ಲಿ.