ಐದನೆಯ ಪಾಲು

ಫಲದ ಆಸೆ ಬಿಟ್ಟು ಕರ್ಮ ಮಾಡು ಎಂಬ ಗೀತೆಯ ಮಾತನ್ನು ಒಪ್ಪಿಕೊಂಡವನು ಯೋಜನೆ ಹಾಕಬಹುದೇ? ಯೋಜನೆಯ ಹುಟ್ಟೇ ಫಲದ ಚಿಂತೆಯಲ್ಲಿದೆ. ಎಲ್ಲಿ ಮುಟ್ಟಬೇಕೆಂದು ಗೊತ್ತಿಲ್ಲದವನು ಯಾವ ದಾರಿಯನ್ನೂ ಆರಿಸಲಾರ. ಸ್ವರ್ಣವಲ್ಲಿ ಮಠದ ಭಗವದ್ಗೀತಾ ಅಭಿಯಾನದಲ್ಲಿ ಶ್ಲೋಕ ಕಲಿತಿರುವ ನನ್ನ ಅಕ್ಕನ ಮಗಳು, ಗಾಲ್ಫ್ ಆಟಗಾರರು ಒಂದೊಂದು ಹೋಲ್‌ಗೂ ಹಾಕುವ ಲೆಕ್ಕವನ್ನು ನಾನು ವಿವರಿಸುತ್ತಿದ್ದಾಗ ನಡುವೆಯೇ ತಡೆದು ಕೇಳಿದಳು: “ಫಲ ಬ್ಯಾಡ ಅಂದ್ಮೇಲೆ ಇಷ್ಟೆಲ್ಲ ಲೆಕ್ಕಾಚಾರ ಎಂತಕ್ಕೆ ಮಾವಾ?”

ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ನಾನು ಸಿದ್ದಾಪುರ ತಾಲೂಕಿನವನು. ಕೃಷಿ ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಹೋದವನು ನಿವೃತ್ತಿಯವರೆಗೂ ಗಾಲ್ಫ್ ಮೈದಾನಗಳ ಹುಲ್ಲು ನೋಡಿಕೊಂಡೆ. ಈಗ ಊರಲ್ಲಿದ್ದೇನೆ, ತೋಟ ನೋಡಿಕೊಳ್ಳುತ್ತೇನೆ. ಮೈದಾನದಲ್ಲಿದ್ದಾಗ ನನ್ನ ಕೆಲಸಗಳಲ್ಲೊಂದು, ಬೆಳಕು ಹರಿಯುವ ಹೊತ್ತಿಗೆ ಪ್ರತಿ ಗ್ರೀನಿನಲ್ಲೂ, ಅಂದರೆ ಗುಳಿಯಿರುವ ನುಣ್ಣನೆಯ ಹುಲ್ಲಂಗಳದಲ್ಲೂ, ಗುಳಿಯ ಜಾಗ ಬದಲಿಸುವುದು. ನಾಲ್ಕೂಕಾಲು ಇಂಚು ಅಗಲದ ಗುಳಿ ಅದು. ಜಗತ್ತಿನ ಯಾವ ಮೈದಾನಕ್ಕೆ ಹೋದರೂ ಅಷ್ಟೇ ಅಗಲ. ಕಬ್ಬಿಣದ ಕೊಳವೆಯನ್ನು ಒತ್ತಿ ತಿರುಗಿಸಿ ಹೊಸ ಜಾಗದಲ್ಲಿ ಮಣ್ಣಿನ ಗಟ್ಟಿಯನ್ನು ಹುಲ್ಲು ಸಮೇತ ಎತ್ತಬೇಕು, ಅದೇ ಗಟ್ಟಿಯಿಂದ ನಿನ್ನೆಯ ಗುಳಿಯನ್ನು ಮುಚ್ಚಬೇಕು, ಅಂಚು ಕಾಣದಂತೆ ತಟ್ಟಿ ನೀರು ಹಾಕಬೇಕು. ಆ ಹುಲ್ಲು ಕೂಡ ಪರಕೀಯವಲ್ಲ. ಬರ್ಮುಡಾ ಎಂದು ಅವರು ಕರೆಯುವುದು ನಾವು ಗಣಪತಿಗೆ ಏರಿಸುವ ಗರಿಕೆಯ ಬಳಗವನ್ನೇ. ಬೇರೆಯವರು ಯಾವುದನ್ನು ಮುಟ್ಟಲು ಇಡೀ ದಿನ ಬಡಿದಾಡುತ್ತಾರೋ ಆ ಫಲದ ಜಾಗವನ್ನು ದಿನಾ ಬೆಳಿಗ್ಗೆ ಬದಲಾಯಿಸುವುದು ನನ್ನ ಉದ್ಯೋಗವಾಗಿತ್ತು. ಆದ್ದರಿಂದ ಈ ವಿಷಯದಲ್ಲಿ ಹೇಳುವುದಕ್ಕೆ ನನಗೆ ಸ್ವಲ್ಪ ಇದೆ.

ಒಂದು ಹೋಲ್, ಅಂದರೆ ಮೊದಲ ಹೊಡೆತದಿಂದ ಗುಳಿಯವರೆಗಿನ ಒಂದು ಹಂತ, ತೆಗೆದುಕೊಳ್ಳೋಣ. ಪಾರ್ 4, ಅಂದರೆ ನಾಲ್ಕು ಹೊಡೆತಕ್ಕೆ ಮುಗಿಸಬೇಕಾದದ್ದು, 400 ಗಜ ಉದ್ದ. ಎಡಕ್ಕೆ ಮರಗಳ ಸಾಲು. ಬಲಕ್ಕೆ 230 ಗಜದಲ್ಲಿ ಒಂದು ಬಂಕರ್, ಅಂದರೆ ಮರಳಿನ ಗುಂಡಿ. ಗ್ರೀನಿನ ಮುಂದೆ ಬಲಮೂಲೆಯಲ್ಲಿ ಇನ್ನೊಂದು. ಗ್ರೀನು ಹಿಂದಿನಿಂದ ಮುಂದಕ್ಕೆ ಇಳಿಜಾರು. ಆ ದಿನ ನಾನು ಗುಳಿಯನ್ನು ಬಲಗಡೆ, ಆ ಬಂಕರಿನ ಬೆನ್ನಿಗೇ ಕೊರೆದಿದ್ದೇನೆ ಎನ್ನಿ. ಬಲ್ಲ ಆಟಗಾರ ಈ ಹೋಲನ್ನು ಕೊನೆಯಿಂದ ಮೊದಲಿಗೆ ಓದುತ್ತಾನೆ. ಗುಳಿ ಬಲಕ್ಕಿರುವುದರಿಂದ ಎರಡನೆಯ ಹೊಡೆತವನ್ನು ಕತ್ತರಿಸಿದ ಹುಲ್ಲಿನ ಹಾದಿಯಾದ ಫೇರ್‌ವೇಯ ಎಡಬದಿಯಿಂದ ಹೊಡೆದರೆ ಬಂಕರ್ ಅಡ್ಡ ಬರುವುದಿಲ್ಲ. ತೀರ ಎಡಕ್ಕೆ ಸರಿದರೆ ಮರಗಳ ಕೊಂಬೆ. ದೂರ ಹೊಡೆಯುವ ಡ್ರೈವರ್ ಬಿಟ್ಟು ಚಿಕ್ಕ ಕ್ಲಬ್ ಹಿಡಿದರೆ ಚೆಂಡು 210 ಗಜಕ್ಕೆ ನಿಂತೀತು, ಮೊದಲ ಬಂಕರ್ ಮುಟ್ಟಲಾರದು; ಆದರೆ ಇನ್ನೂ 190 ಗಜ ಉಳಿಯುತ್ತದೆ. ಅಷ್ಟು ದೂರದಿಂದ ಬಾವುಟದ ಮೇಲೆಯೇ ಗುರಿಯಿಟ್ಟರೆ ಚೂರು ಕಡಿಮೆಯಾದದ್ದು ಮರಳಿಗೆ ಬೀಳುತ್ತದೆ, ಚೂರು ಹೆಚ್ಚಾದದ್ದು ಗುಳಿಯ ಮೇಲ್ಬದಿಗೆ ಹೋಗಿ ಇಳಿಜಾರಿನ ಪಟ್, ಅಂದರೆ ಗುಳಿಯತ್ತ ಉರುಳಿಸುವ ಹೊಡೆತ, ಆಗುತ್ತದೆ. ಅದಕ್ಕೇ ಅವನು ಗ್ರೀನಿನ ನಡುವಿಗೆ ಗುರಿಯಿಡುತ್ತಾನೆ. ಅಲ್ಲಿಂದ ಇಪ್ಪತ್ತು ಮೂವತ್ತು ಅಡಿಯ ಪಟ್ ಎರಡೇಟಿಗೆ ಮುಗಿದರೆ ಪಾರ್. ಒಂದೇ ಏಟಿಗೆ ಬಿದ್ದರೆ ಬರ್ಡಿ, ಪಾರಿಗಿಂತ ಒಂದು ಕಡಿಮೆ.

ಹೊಡೆತ ಸರಿಯಾಗಿ ಕೂತರೆ ಚೆಂಡು ಎಲ್ಲಿಗೆ ಹೋಗುತ್ತದೆ ಎಂದು ಎಲ್ಲರೂ ಯೋಚಿಸುತ್ತಾರೆ. ತಪ್ಪಿದರೆ ಎಲ್ಲಿಗೆ ಎಂದು ಮೊದಲೇ ಯೋಚಿಸಿ, ಆ ತಪ್ಪಿಗೂ ಒಂದು ಜಾಗ ಇಟ್ಟುಕೊಂಡವನು ಕಡಿಮೆ. ಗ್ರೀನಿನ ಪಕ್ಕ ನಿಂತು ನೋಡುವವನಿಗೆ ಇದು ಸ್ಪಷ್ಟ. ಬಾವುಟ ಕಂಡ ಕೂಡಲೇ ಅದರ ಮೇಲೇ ಬೀಳಬೇಕೆಂದು ಹೊಡೆಯುವವನ ಮನಸ್ಸಿನಲ್ಲಿ ಫಲ ಬಿಟ್ಟರೆ ಬೇರೇನೂ ಇಲ್ಲ. ಅವನಲ್ಲಿ ಯೋಜನೆಯೂ ಇಲ್ಲ. ಆಸೆಯೇ ಅವನ ಕೈಯಿಂದ ಯೋಜನೆಯನ್ನು ಕಿತ್ತುಕೊಂಡಿರುತ್ತದೆ.

ಅಕ್ಕನ ಮಗಳಿಗೆ ನಾನು ತೋರಿಸಿದ್ದು ಗೀತೆಯ ಹದಿನೆಂಟನೆಯ ಅಧ್ಯಾಯ. ಯಾವ ಕರ್ಮ ನೆರವೇರಬೇಕಾದರೂ ಐದು ಕಾರಣಗಳು ಬೇಕು ಎಂದು ಕೃಷ್ಣ ಅಲ್ಲಿ ಎಣಿಸುತ್ತಾನೆ: ಅಧಿಷ್ಠಾನ, ಕರ್ತೃ, ಬಗೆಬಗೆಯ ಕರಣಗಳು, ಬೇರೆಬೇರೆ ಚೇಷ್ಟೆಗಳು, ಐದನೆಯದು ದೈವ. ಶಂಕರರು ಅಧಿಷ್ಠಾನವನ್ನು ದೇಹವೆಂದು ಅರ್ಥೈಸುತ್ತಾರೆ. ನಾನು ನನ್ನ ಕಸುಬಿನ ಸಲುಗೆಯಿಂದ ಅದಕ್ಕೆ ನೆಲವನ್ನೂ ಸೇರಿಸಿಕೊಳ್ಳುತ್ತೇನೆ. ಆಗ ನೆಲ ಇದೆ, ಆಡುವವನಿದ್ದಾನೆ, ಚೀಲದಲ್ಲಿ ಹದಿನಾಲ್ಕರವರೆಗೆ ಕ್ಲಬ್ಬುಗಳಿವೆ, ಮೈಯ ತಿರುವು ಮಣಿಕಟ್ಟಿನ ಬಾಗು ಇದೆ, ಕೊನೆಗೆ ದೈವ. ಇಷ್ಟಿದ್ದೂ ತಾನೊಬ್ಬನೇ ಮಾಡಿದೆ ಎಂದುಕೊಳ್ಳುವವನು ಸರಿಯಾಗಿ ನೋಡುತ್ತಿಲ್ಲ ಎಂದು ಮುಂದಿನ ಶ್ಲೋಕಗಳು ಹೇಳುತ್ತವೆ. ನನ್ನ ಮಟ್ಟಿಗೆ ಎರಡನೆಯ ಅಧ್ಯಾಯದ ಆ ಪ್ರಸಿದ್ಧ ಶ್ಲೋಕಕ್ಕೆ ಭಾಷ್ಯ ಇಲ್ಲಿದೆ. ಫಲದ ಮೇಲೆ ಅಧಿಕಾರವಿಲ್ಲ ಎಂದರೆ ಫಲವನ್ನು ನೆನೆಯಬಾರದು ಎಂದಲ್ಲ. ಐದರಲ್ಲಿ ಒಂದು ಪಾಲು ನನ್ನ ಲೆಕ್ಕಕ್ಕೆ ಸೇರಿಲ್ಲ, ಅದನ್ನು ಖಾಲಿ ಬಿಟ್ಟೇ ಲೆಕ್ಕ ಹಾಕಬೇಕು ಎಂದು. ಗ್ರೀನಿನ ನಡುವಿಗೆ ಗುರಿಯಿಡುವವನು ಆ ಪಾಲನ್ನು ಖಾಲಿ ಬಿಟ್ಟಿದ್ದಾನೆ. ಅವನ ಯೋಜನೆಯೊಳಗೇ ಅವನ ತ್ಯಾಗವಿದೆ.

ಇದಕ್ಕೆ ಬಲವಾದ ಎದುರುಮಾತು ಯೋಗವಾಸಿಷ್ಠದಲ್ಲಿದೆ. ಮುಮುಕ್ಷು ಪ್ರಕರಣದಲ್ಲಿ ವಸಿಷ್ಠರು ರಾಮನಿಗೆ, ದೈವವೆಂಬುದು ಬೇರೆಯಿಲ್ಲ, ಹಿಂದೆ ನೀನೇ ಮಾಡಿದ ಪ್ರಯತ್ನಕ್ಕೆ ಈಗ ಆ ಹೆಸರು ಬಂದಿದೆ ಎನ್ನುತ್ತಾರೆ. ಹಿಂದಿನ ಪೌರುಷವೂ ಇಂದಿನ ಪೌರುಷವೂ ಎರಡು ಟಗರುಗಳಂತೆ ಕಾದಾಡುತ್ತವೆ, ಬಲವಿದ್ದದ್ದು ಗೆಲ್ಲುತ್ತದೆ. ಗಾಲ್ಫ್ ನೋಡಿದವನಿಗೆ ಈ ಮಾತು ಮೈ ನವಿರೇಳಿಸುತ್ತದೆ, ಏಕೆಂದರೆ ಈ ಆಟದ ಮೂಲ ನಿಯಮವೇ ಚೆಂಡು ಬಿದ್ದಲ್ಲಿಂದ ಬಿದ್ದ ಹಾಗೇ ಆಡು ಎಂಬುದು. ಮರದ ಬೇರಿನ ಸಂದಿನಲ್ಲಿ ಸಿಕ್ಕಿಕೊಂಡ ಚೆಂಡನ್ನು ಅಲ್ಲಿಗೆ ಕಳಿಸಿದ್ದು ನನ್ನದೇ ಹಿಂದಿನ ಹೊಡೆತ. ಈಗಿನ ಕಷ್ಟ ಆಗಿನ ನಾನೇ. ಅಲ್ಲಿಯವರೆಗೆ ವಸಿಷ್ಠರ ಮಾತು ಪೂರ್ತಿ ನಿಜ.

ಆದರೆ ಫೇರ್‌ವೇ ನಡುವಿಗೆ, ಒಂದಿಷ್ಟೂ ತಪ್ಪಿಲ್ಲದೆ ಹೊಡೆದ ಚೆಂಡು ಉರುಳಿ ಹೋಗಿ, ಮುಂದೆ ಹೋದ ಯಾರದೋ ಕ್ಲಬ್ ಹುಲ್ಲು ಹಾರಿಸಿ ಬಿಟ್ಟ ತಗ್ಗಿನಲ್ಲಿ ಕೂರುವುದುಂಟು. ಅಲ್ಲಿಂದ ಎತ್ತಿ ಪಕ್ಕಕ್ಕಿಡಲು ನಿಯಮ ಬಿಡುವುದಿಲ್ಲ. ಇನ್ನೊಬ್ಬನ ಕರ್ಮದ ಗುಂಡಿಯಲ್ಲಿ ನಿಂತೇ ಆಡಬೇಕು. ಆ ತಗ್ಗುಗಳಿಗೆ ಮರಳು ಮಣ್ಣು ತುಂಬುವುದೂ ನಮ್ಮ ಕೆಲಸವೇ ಆಗಿತ್ತು, ಎಷ್ಟು ತುಂಬಿದರೂ ಹೊಸವು ಬೀಳುತ್ತಿದ್ದವು. ಬೆಳಿಗ್ಗೆ ಆಡುವವನಿಗೆ ಗಾಳಿಯಿಲ್ಲದ, ಇಬ್ಬನಿಯ ಗ್ರೀನು. ಮಧ್ಯಾಹ್ನದವನಿಗೆ ಒಣಗಿ ಗಟ್ಟಿಯಾದ, ಗುಳಿಯ ಸುತ್ತ ಹತ್ತಾರು ಜನರ ಹೆಜ್ಜೆ ಬಿದ್ದ ಗ್ರೀನು. ಇದು ಇವರಿಬ್ಬರಲ್ಲಿ ಯಾರ ಪೂರ್ವಪ್ರಯತ್ನ? ಜನ್ಮಾಂತರದವರೆಗೆ ಎಳೆದುಕೊಂಡು ಹೋಗಿ ಉತ್ತರ ಕೊಡುವವರಿದ್ದಾರೆ. ಗೀತೆ ಐದನೆಯದನ್ನು ಪ್ರತ್ಯೇಕವಾಗಿ ಎಣಿಸಿದ್ದೇ ನನಗೆ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ.

ನಮ್ಮ ಕಡೆ ತಾಳಮದ್ದಲೆ ಕೇಳಿ ಬೆಳೆದವರಿಗೆ ಕೃಷ್ಣಸಂಧಾನದ ಪ್ರಸಂಗ ಹೊಸದಲ್ಲ. ಸಂಧಿ ಆಗುವುದಿಲ್ಲವೆಂದು ಬಲ್ಲವನು ಹಸ್ತಿನಾವತಿಗೆ ಯಾಕೆ ಹೋದ ಎಂದು ಅರ್ಥಧಾರಿಗಳು ರಾತ್ರಿಯಿಡೀ ಜಗ್ಗಾಡುತ್ತಾರೆ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಹೊರಡುವ ಮುಂಚೆ ಕೃಷ್ಣನೇ ಅರ್ಜುನನಿಗೆ ಇದಕ್ಕೆ ಉತ್ತರ ಹೇಳಿದ್ದಾನೆ. ರೈತ ಹೊಲವನ್ನು ಎಷ್ಟು ಹಸನು ಮಾಡಿದರೂ ಮಳೆಯಿಲ್ಲದೆ ಬೆಳೆ ಬಾರದು. ಮನುಷ್ಯಪ್ರಯತ್ನದಿಂದ ಆಗುವುದನ್ನೆಲ್ಲ ಮಾಡುತ್ತೇನೆ, ದೈವದ ಕೆಲಸ ನನ್ನಿಂದಾಗದು ಎಂದು. ಸಾಕ್ಷಾತ್ ದೈವವೇ ಆದವನು ಹೀಗೆ ಹೇಳುತ್ತಾನೆ! ಹೇಳಿ ಸುಮ್ಮನೆ ಕೂರಲಿಲ್ಲ. ರಥ ಹೂಡಿಸಿದ, ಯಾರ ಮನೆಯಲ್ಲಿ ಉಣ್ಣಬೇಕು, ಸಭೆಯಲ್ಲಿ ಏನು ಹೇಳಬೇಕು, ಒಪ್ಪದಿದ್ದರೆ ಕರ್ಣನ ಹತ್ತಿರ ಏನು ಮಾತಾಡಬೇಕು, ಎಲ್ಲವನ್ನೂ ಯೋಚಿಸಿದ.

ಮಳೆಯ ಮಾತು ಸಿದ್ದಾಪುರದವರಿಗೆ ಉಲ್ಟಾ ಅನ್ವಯಿಸುತ್ತದೆ, ನಮಗೆ ಅದು ಹೆಚ್ಚಾಗುವ ಭಯ. ಅಡಿಕೆಯ ಕೊಳೆರೋಗದ ಬಗ್ಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಕೋಲ್‌ಮನ್ 1910ರಲ್ಲೇ ಬರೆದರು. ನಾವಿನ್ನೂ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಬೋರ್ಡೋ ದ್ರಾವಣವನ್ನೇ ನಂಬಿದ್ದೇವೆ. ಮಳೆ ಹಿಡಿಯುವ ಮುಂಚೆ ಒಂದು ಸಲ, ಮತ್ತೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ ಅಡಿಕೆಗೊನೆಗೆ ಹೊಡೆಯಬೇಕು. ಎರಡನೆಯ ಸುತ್ತಿಗೆ ಹೊಳವು ಸಿಗದಿದ್ದರೆ ಏನು ಎಂದು ಯೋಚಿಸಿಯೇ ಮೊದಲ ಸುತ್ತನ್ನು ಮುತುವರ್ಜಿಯಿಂದ ಮಾಡಿಸುವ ತೋಟಿಗ ಗ್ರೀನಿನ ನಡುವಿಗೆ ಹೊಡೆಯುವವನ ಜಾತಿ. ಮಳೆ ದೇವರ ಇಚ್ಛೆ ಎಂದು ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನನ್ನೇ ಕರೆಯದವನನ್ನು ಊರಲ್ಲಿ ಯಾರೂ ಯೋಗಿ ಎನ್ನುವುದಿಲ್ಲ. ಎರಡನೆಯ ಅಧ್ಯಾಯದ ಆ ಶ್ಲೋಕದ ಕೊನೆಯ ಪಾದವೇ, ಕರ್ಮ ಮಾಡದೆ ಇರುವುದಕ್ಕೂ ಅಂಟಿಕೊಳ್ಳಬೇಡ ಎಂದು ಎಚ್ಚರಿಸುತ್ತದಲ್ಲ.

ಆದರೂ ನನ್ನ ಉತ್ತರದಲ್ಲಿ ಒಂದು ಅಪಾಯವಿದೆ. ನಡುವಿಗೆ ಗುರಿಯಿಡುವುದು ಒಮ್ಮೊಮ್ಮೆ ಬರೀ ಹೆದರಿಕೆ. ಸೋಲಿನ ಭಯ ವೈರಾಗ್ಯದ ವೇಷ ಹಾಕಿಕೊಂಡು ಬಂದಾಗ ಗುರುತಿಸುವುದು ಕಷ್ಟ. 2021ರ ಆಗಸ್ಟ್ 7ರಂದು ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನ ಕೊನೆಯ ಹೋಲ್‌ಗೆ ಬಂದಾಗ ಪದಕ ಒಂದೇ ಹೊಡೆತದ ದೂರದಲ್ಲಿತ್ತು. ಉದ್ದ ಹೊಡೆಯುವವರಲ್ಲ ಆಕೆ. ಬೇರೆಯವರು ಚಿಕ್ಕ ಐರನ್ ಹಿಡಿಯುವ ಕಡೆ ದೊಡ್ಡ ಕ್ಲಬ್ ಹಿಡಿದು, ಪಟ್ಟಿಂಗ್ ಬಲದಿಂದ ನಾಲ್ಕು ದಿನ 67, 66, 68, 68 ಆಡಿ ಅಲ್ಲಿಗೆ ಮುಟ್ಟಿದ್ದರು. ತನ್ನ ಶಕ್ತಿ ಎಷ್ಟು, ಎಲ್ಲಿ ಎಂದು ತಿಳಿದು ಆಡುವುದಕ್ಕೆ ಅದಕ್ಕಿಂತ ಒಳ್ಳೆಯ ನಿದರ್ಶನ ನಾನು ಕಂಡಿಲ್ಲ. ಆ ಕೊನೆಯ ಪಟ್ಟಿನಲ್ಲಿ ಮಾತ್ರ ಜೋಪಾನಕ್ಕೆ ಅರ್ಥವಿರಲಿಲ್ಲ. ಗುಳಿ ಮುಟ್ಟಲೇಬೇಕಿತ್ತು. ಚೆಂಡು ಪಕ್ಕದಲ್ಲೇ ಸರಿದು ಹೋಯಿತು, ನಾಲ್ಕನೆಯ ಸ್ಥಾನ ಬಂತು. ಅಂದರೆ ಐದನೆಯ ಪಾಲು ಬಿಟ್ಟುಕೊಡುವುದು ಎಂದರೆ ಮಿಕ್ಕ ನಾಲ್ಕರಲ್ಲಿ ಕಾಸಿನಷ್ಟೂ ಉಳಿಸಿಕೊಳ್ಳದಿರುವುದು. ಎಲ್ಲಿ ನಡುವಿಗೆ, ಎಲ್ಲಿ ಗುಳಿಗೇ ಎಂದು ಬೇರ್ಪಡಿಸುವುದು ವಿವೇಕದ ಕೆಲಸ. ಅದಕ್ಕೆ ಸೂತ್ರವಿಲ್ಲ.

ಅದೇ ದಿನ ಸಂಜೆ ನೀರಜ್ ಚೋಪ್ರಾ ಜಾವೆಲಿನ್ 87.58 ಮೀಟರ್ ಎಸೆದು ಚಿನ್ನ ಗೆದ್ದರು. ಊರಲ್ಲೆಲ್ಲ ಅದೇ ಮಾತು, ಸಂತೋಷಪಡಬೇಕಾದದ್ದೇ. ಅಕ್ಕನ ಮಗಳು ಈಗ ಅದನ್ನು ಹಿಡಿದು ಕೇಳುತ್ತಾಳೆ: ಫಲ ಚಿಂತಿಸಬೇಡ ಎಂದು ನಾವು ಯಾವಾಗಲೂ ಸೋತವರಿಗೇ ಹೇಳುತ್ತೇವೆ, ಗೆದ್ದವರಿಗೆ ಯಾರು ಹೇಳಿದ್ದಾರೆ? ಹಾಗಾದರೆ ಇದು ಸಮಾಧಾನದ ಮಾತು, ಸತ್ಯದ ಮಾತು ಹೌದೋ ಅಲ್ಲವೋ?

ತುಂಬ ಯೋಚಿಸಿ ನಾನು ಕೊಡುವ ಉತ್ತರ ಇದು. ಆ ಉಪದೇಶದ ನಿಜವಾದ ಅಗತ್ಯ ಮುಂದಿರುವವನಿಗೆ. ಸೋತವನ ಕೈಯಿಂದ ಫಲ ತಾನಾಗಿಯೇ ಹೋಗಿರುತ್ತದೆ, ಅವನು ಬಿಡುವುದಕ್ಕೆ ಏನೂ ಉಳಿದಿಲ್ಲ. 1978ರಲ್ಲಿ ಸೇಂಟ್ ಆಂಡ್ರೂಸಿನ ಓಪನ್ ಪಂದ್ಯಾವಳಿಯ ಮೂರನೆಯ ಸುತ್ತಿನಲ್ಲಿ ಜಪಾನಿನ ಟಾಮಿ ನಕಜಿಮ 17ನೆಯ ಹೋಲಿನ ಗ್ರೀನನ್ನು ಎರಡೇ ಹೊಡೆತಕ್ಕೆ ಮುಟ್ಟಿ ಮುಂಚೂಣಿಯಲ್ಲಿದ್ದರು. ಅವರ ಪಟ್ ಇಳಿಜಾರಿನಲ್ಲಿ ತಿರುಗಿ ಪಕ್ಕದ ಆಳದ ಬಂಕರಿಗೆ ಉರುಳಿತು. ಹೊರಬರಲು ನಾಲ್ಕು ಹೊಡೆತ, ಒಟ್ಟು ಒಂಬತ್ತು. 2023ರ ಅಕ್ಟೋಬರ್ 1ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅದಿತಿಯೇ ಕೊನೆಯ ಸುತ್ತಿಗೆ ಏಳು ಹೊಡೆತಗಳ ಮುನ್ನಡೆಯಿಂದ ಇಳಿದರು. ಹಿಂದಿನ ದಿನ 61 ಆಡಿದ್ದವರು ಅಂದು 77 ಆಡಿದರು. ಚಿನ್ನ ಥಾಯ್ಲೆಂಡಿನ ಅರ್ಪಿಚಯ ಯೂಬೋಲ್ ಪಾಲಾಯಿತು, ಅದಿತಿಗೆ ಬೆಳ್ಳಿ. ಏಷ್ಯನ್ ಕ್ರೀಡಾಕೂಟದ ಗಾಲ್ಫಿನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಅವರು, ಆದರೂ ಆ ದಿನ ಅದನ್ನು ಸೋಲೆಂದೇ ಕಂಡವರು ಬಹಳ.

ಆ ದಿನ ಅದಿತಿಯ ಮನಸ್ಸಿನಲ್ಲಿ ಏನಿತ್ತು ಎಂದು ಹೇಳುವ ಹಕ್ಕು ನನಗಿಲ್ಲ. ಹೊಸ ಜಾಗದಲ್ಲಿ ಗುಳಿಗಳಿದ್ದವು, ಹೊಸ ಗಾಳಿಯಿತ್ತು, ಅಂಗೈಯಲ್ಲಿ ಏಳು ಹೊಡೆತಗಳ ಗೆಲುವಿತ್ತು. ಇನ್ನೂ ಕೈಸೇರದ ಫಲವನ್ನು ಬಿಡುವುದು ಒಂದು ಬಗೆ. ಸೇರಿಯೇಬಿಟ್ಟಿದೆ ಎಂದು ಕಾಣುವ ಫಲವನ್ನು ಹದಿನೆಂಟು ಹೋಲ್ ಉದ್ದಕ್ಕೂ ಕೆಳಗಿಟ್ಟು ನಡೆಯುವುದು ಇನ್ನೊಂದು. ಸಮತ್ವದ ಮಾತನ್ನು ಕೃಷ್ಣ ಆಡಿದ್ದು ಯುದ್ಧ ಮುಗಿದ ಮೇಲಲ್ಲ. ಗೆಲ್ಲಬಲ್ಲ ಬಿಲ್ಲುಗಾರನೊಬ್ಬನಿಗೆ, ಮೊದಲ ಬಾಣ ಹೂಡುವ ಮುಂಚೆ. ಸೋತವರ ಮನೆಗೆ ಹೋಗಿ ಆ ಶ್ಲೋಕ ಹೇಳುವ ರೂಢಿಯನ್ನು ನಾವು ಬಿಡಬೇಕು ಎಂದು ಅಕ್ಕನ ಮಗಳಿಗೆ ಹೇಳಿದೆ. ಅದನ್ನು ಅವಳು ಒಪ್ಪಿದಳು. ಯೋಜನೆಯೊಳಗೇ ತ್ಯಾಗವಿದೆ ಎಂಬ ನನ್ನ ಮಾತನ್ನು ಇನ್ನೂ ಒಪ್ಪಿಲ್ಲ.